ಎಂಎಸ್‌ಡಬ್ಲ್ಯೂ ಮಾಡಿ ಆಸ್ಪತ್ರ್ಯಾಗ ಕೆಲ್ಸ ಮಾಡ್ಬೇಕನ್ನೋ ನಮ್ಮ ಕಡೆ ಹುಡುಗ ಹುಡುಗ್ಯಾರಿಗೆ

ಡಿಗ್ರಿ ರಿಸಲ್ಟ್ ಬಂತಂದ್ರ ಸಾಕು, ಊರ ಕಡಿಂದ ನಂಗ ಫೋನ್ ಬರಾಕ ಚಾಲೂ ಆಗ್ತಾವ. "ಅಕ್ಕಾರ, ಬಿಎ ಮುಗೀತ್ರಿ, ಮನ್ಯಾಗ ಬಿಎಡ್ ಮಾಡು ಅನ್ನಾಕತ್ತಾರ, ನಂಗ ಆಸ್ಪತ್ರಿ ಕಡೆ ಕೆಲ್ಸ ಮಾಡೋ ಆಸೆ ಐತ್ರಿ, ಆದ್ರ ಪಿಯುಸಿ ಒಳಗ ಸೈನ್ಸ್ ತಗೊಂಡಿಲ್ಲ, ಏನರ ದಾರಿ ಐತೇನ್ರಿ?" ಅಂತ ಕೇಳ್ತಾರ. ದಾರಿ ಐತಿ. ನಾನೂ ಬೈಲಹೊಂಗಲ ಕಡೆ ಒಕ್ಕಲುತನದ ಮನ್ಯಾಕಿ, ಕನ್ನಡ ಮೀಡಿಯಂ ಬಿಎ ಮುಗ್ಸಿ, ಎಂಎಸ್‌ಡಬ್ಲ್ಯೂ ಅಂದ್ರ ಸೋಷಿಯಲ್ ವರ್ಕ್ (ಸಮಾಜಕಾರ್ಯ) ವಿಷಯದಾಗ ಪಿಜಿ ಮಾಡಿ, ಈಗ ಬೆಳಗಾವ್ಯಾಗ ಆಸ್ಪತ್ರಿ ವಾರ್ಡಿನ್ಯಾಗ ಮೆಡಿಕಲ್ ಸೋಷಿಯಲ್ ವರ್ಕರ್ ಅಂತ ಕೆಲ್ಸ ಮಾಡಾಕತ್ತೀನಿ. ಒಬ್ಬೊಬ್ಬರಿಗೆ ಫೋನ್ ಮ್ಯಾಲ ಅರ್ಧ ತಾಸು ಹೇಳೋದನ್ನ ಇಲ್ಲಿ ಒಮ್ಮೆ ಸಾವಕಾಶ ಬರೀತೀನಿ, ಸೇರೋದ್ರಿಂದ ಹಿಡ್ದು ಫೀಲ್ಡ್ ವರ್ಕ್ (ಆಸ್ಪತ್ರಿ, ಸಂಸ್ಥೆಗೆ ಹೋಗಿ ಕೆಲ್ಸ ಮಾಡ್ತಾ ಕಲಿಯೋದು) ತನಕ, ಅದ್ರಾಗೂ ಫೀಲ್ಡ್ ವರ್ಕ್ ಬಗ್ಗೆ ಜಾಸ್ತಿ, ಯಾಕಂದ್ರ ಈ ಕೋರ್ಸಿನ ಜೀವ ಇರೋದ ಅಲ್ಲಿ, ಕ್ಲಾಸಿನ್ಯಾಗ ಕೇಳಿದ್ದು ಅರ್ಥ ಆಗೋದೂ ಅಲ್ಲಿಗೆ ಹೋದ ಮ್ಯಾಲ.

ಇದು ಏನ್ ಕೆಲ್ಸ ಅಂದ್ರ

ಒಂದು ಉದಾಹರಣೆ ಹೇಳ್ತೀನಿ. ಸಾಮಾನ್ಯ ಟಿಬಿಗೆ 6 ತಿಂಗಳ ಗುಳಿಗಿ, ಸರ್ಕಾರದಿಂದ ಪುಕ್ಕಟ. 2 ತಿಂಗಳಿಗೆ ಕೆಮ್ಮು ಕಡಿಮಿ ಆಗ್ತೈತಿ, ಮೈಯಾಗ ಕಸು ಬರ್ತೈತಿ, ಅಷ್ಟೊತ್ತಿಗೆ ಕಬ್ಬು ಕಡಿಯೋ ಸೀಜನ್ ಬರ್ತೈತಿ, ಮನಿಷ್ಯಾ ಗ್ಯಾಂಗ್ ಜೋಡಿ ಗಂಟುಮೂಟಿ ಕಟ್ಕೊಂಡು ಹೋಗಿಬಿಡ್ತಾನ, ಗುಳಿಗಿ ಅಲ್ಲಿಗೇ ನಿಂತ್ವು. ಡಾಕ್ಟರು ಬರ್ದಿದ್ದು ಸರಿ ಐತಿ, ನರ್ಸ್ ಕೊಟ್ಟಿದ್ದೂ ಸರಿ ಐತಿ, ಆದ್ರೂ ರೋಗ ತಿರಗಿ ಬರ್ತೈತಿ, ಕೆಲವೊಮ್ಮೆ ಮೊದ್ಲಿನ ಗುಳಿಗಿಗೆ ಬಗ್ಗಲಾರ್ದ ಹಂಗ ಬರ್ತೈತಿ. ಈ ಮನಿಷ್ಯಾ ಯಾವ ತಿಂಗಳು ಊರು ಬಿಡ್ತಾನ, ಹೋದ ಊರಾಗ ಗುಳಿಗಿ ಸಿಗೋ ಹಂಗ ಮೊದ್ಲ ಏನ್ ಮಾಡಿಡ್ಬೇಕು, ಹೆಂಡ್ತಿಗೆ ಹೇಳ್ಯಾನೋ ಮುಚ್ಚಿಟ್ಟಾನೋ, ಇದನ್ನೆಲ್ಲ ಕೂತು ಕೇಳೋರು ಒಬ್ರು ಬೇಕಲ್ಲ, ಅವ್ರ ನಾವು. ರೋಗ ಡಾಕ್ಟರು ನೋಡ್ತಾರ, ರೋಗ ಬಂದಂಥಾ ಮನಿ ನಾವು ನೋಡ್ತೀವಿ.

ಭಾಳ ಮಂದಿ ಇದನ್ನ ಪುಣ್ಯದ ಕೆಲ್ಸ ಅಂತಾರ. ಪುಣ್ಯ ಇರ್ಬಹುದು, ಆದ್ರ ಇದು ಕಲೀಬೇಕಾದ ವಿದ್ಯಾ. ನಮ್ಮ ದೇಶದಾಗ 1936ರಾಗ ಮುಂಬೈದಾಗ ಟಾಟಾದವ್ರು ಸೋಷಿಯಲ್ ವರ್ಕ್ ಕಾಲೇಜ್ ಸುರು ಮಾಡಿದ್ರು, 1946ರ ಹೊತ್ತಿಗೆ ಅಲ್ಲೇ ಜೆಜೆ ಆಸ್ಪತ್ರ್ಯಾಗ ಮೆಡಿಕಲ್ ಸೋಷಿಯಲ್ ವರ್ಕರ್ ಇದ್ರು. 2021ರಾಗ ಡಾಕ್ಟರು ನರ್ಸ್ ಬಿಟ್ಟು ಆರೋಗ್ಯದ ಬ್ಯಾರೆ ಕೆಲ್ಸದವ್ರ ಸಲುವಾಗಿ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಶನ್ಸ್ ಕಾಯ್ದೆ ಬಂತಲ್ಲ, ಅದ್ರ ಪಟ್ಟಿಯೊಳಗ ಮೆಡಿಕಲ್ ಸೋಷಿಯಲ್ ವರ್ಕರ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಹೆಸ್ರು ಅದಾವ. ಮನ್ಯಾಗ ಯಾರರ "ಅದೇನ್ ಸಮಾಜಸೇವೆ, ರೊಕ್ಕ ಬರ್ತೈತೇನ" ಅಂದ್ರ ಇದನ್ನ ಹೇಳ್ರಿ.

ರೊಕ್ಕದ ಮಾತು ಬಂತಂದ್ರ ಅದನ್ನೂ ಇಲ್ಲೇ ಮುಗಿಸ್ತೀನಿ. ಎಚ್‌ಐವಿ ಟೆಸ್ಟ್ ಮಾಡೋ ಐಸಿಟಿಸಿ ಮತ್ತ ಅದಕ್ಕ ಗುಳಿಗಿ ಕೊಡೋ ಎಆರ್‌ಟಿ ಸೆಂಟರಿನ್ಯಾಗ ಕೌನ್ಸೆಲರ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ದೌರ್ಜನ್ಯಕ್ಕ ಸಿಕ್ಕ ಹೆಣ್ಮಕ್ಕಳಿಗೆ ನೆರವಾಗೋ ಸಖಿ ಸೆಂಟರ್, ಮಕ್ಕಳ ರಕ್ಷಣಾ ಘಟಕ, ಕುಡಿತ ಬಿಡ್ಸೋ ಕೇಂದ್ರ, ದೊಡ್ಡ ಆಸ್ಪತ್ರ್ಯಾಗ ಕಿಡ್ನಿ ಲಿವರ್ ಕಸಿ ಮಾಡೋ ಕಡೆ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್, ಎನ್‌ಜಿಒಗಳು, ಇವೆಲ್ಲಾ ನಮ್ಮ ಕೆಲ್ಸದ ಜಾಗಾ. ಭಾಳಷ್ಟು ಕಾಂಟ್ರ್ಯಾಕ್ಟ್ ಮ್ಯಾಲ ಇರ್ತಾವ, ಸುರುವಿಗೆ ಪಗಾರ ಕಡಿಮಿ, ಇದನ್ನ ನಾನು ಮುಚ್ಚಿಡೂದಿಲ್ಲ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅನ್ಸ್ಕೋಬೇಕಂದ್ರ ಬರೀ ಎಂಎಸ್‌ಡಬ್ಲ್ಯೂ ಸಾಲೂದಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅದ್ರ ಮ್ಯಾಲ 2 ವರ್ಷದ ಫುಲ್ ಟೈಮ್ ಎಂಫಿಲ್ ಬೇಕು, ಮಾನಸಿಕ ಆರೋಗ್ಯದ ಆಸ್ಪತ್ರಿಗಳಾದ ಬೆಂಗಳೂರಿನ ನಿಮ್ಹಾನ್ಸ್ ಮತ್ತ ನಮ್ಮ ಧಾರವಾಡದ ಡಿಮ್ಹಾನ್ಸ್ ಅದಕ್ಕ ಹೆಸ್ರು ಮಾಡಿದ ಜಾಗಾ. ಪಾಠ ಮಾಡೋ ಆಸೆ ಇದ್ರ ಸೋಷಿಯಲ್ ವರ್ಕ್ ವಿಷಯದಾಗ ಲೆಕ್ಚರರ್ ಆಗೋ ಅರ್ಹತಾ ಪರೀಕ್ಷೆ, ನೆಟ್ ಆಗ್ಲಿ ಕೆಸೆಟ್ ಆಗ್ಲಿ, ಬರೀಬಹುದು.

ಎಲ್ಲಿ ಸೇರ್ಬೇಕು, ಸೇರೋಕಿಂತ ಮೊದ್ಲ ಏನ್ ಕೇಳ್ಬೇಕು

ಎಂಎಸ್‌ಡಬ್ಲ್ಯೂ 2 ವರ್ಷ, 4 ಸೆಮಿಸ್ಟರ್. ಸಾಮಾನ್ಯವಾಗಿ ಯಾವ ಡಿಗ್ರಿ ಆದ್ರೂ ನಡೀತೈತಿ, ಬಿಎಸ್‌ಡಬ್ಲ್ಯೂ (ಸೋಷಿಯಲ್ ವರ್ಕ್ ಡಿಗ್ರಿ) ಮಾಡಿದವ್ರಿಗೆ ಸುರುವಿಗೆ ಒಂದಿಷ್ಟು ಸಲೀಸ ಅಷ್ಟ. ಬೆಳಗಾವ್ಯಾಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಐತಿ, ಮೊದ್ಲ ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಿಜಿ ಸೆಂಟರ್ ಇತ್ತು, 2010ರಾಗ ಸ್ವಂತ ವಿಶ್ವವಿದ್ಯಾಲಯ ಆತು. ಹುಡುಗ್ಯಾರಿಗೆ ವಿಜಯಪುರದ ತೊರವಿ ಹತ್ರ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಐತಿ, 2003ರಾಗ ಸುರು ಆಗಿದ್ದು, ಮನ್ಯಾಗ ದೂರ ಕಳ್ಸಾಕ ಅಂಜೋರು ಅಲ್ಲಿ ಆದ್ರ ಹ್ಞೂಂ ಅಂತಾರ. ಧಾರವಾಡನೂ ದೂರ ಅಲ್ಲ. ಯಾವ ಕ್ಯಾಂಪಸ್ಸಿನ್ಯಾಗ ಕ್ಲಾಸ್ ನಡೀತೈತಿ ಅಂತ ಕೇಳ್ಕೊಂಡ ಮ್ಯಾಲ ರೂಮ್ ನೋಡ್ರಿ. ಅರ್ಜಿ ಆನ್‌ಲೈನ್ ಯುಯುಸಿಎಂಎಸ್ ಅನ್ನೋ ವಿಶ್ವವಿದ್ಯಾಲಯಗಳ ಪೋರ್ಟಲ್ ಒಳಗ ಹಾಕ್ಬೇಕಾಗ್ತೈತಿ, ಸ್ಕಾಲರ್‌ಶಿಪ್ಪಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್, ಆದಾಯ ಜಾತಿ ಪ್ರಮಾಣಪತ್ರ ಈಗ ತೆಗ್ಸಿಡ್ರಿ, ಬಿಸಿಎಂ ಹಾಸ್ಟೆಲಿಗೂ ಅವ ಬೇಕು.

ಅಡ್ಮಿಶನ್ ದಿನ ಎಲ್ರೂ ಫೀ ಎಷ್ಟು ಅಂತ ಅಷ್ಟ ಕೇಳಿ ಬರ್ತಾರ. ನೀವು ಸೀನಿಯರ್ ಒಬ್ರನ್ನ ಹಿಡ್ದು ಕೂಡ್ರಿಸ್ಕೊಂಡು ಕೇಳ್ರಿ: ಮೆಡಿಕಲ್ ಆ್ಯಂಡ್ ಸೈಕಿಯಾಟ್ರಿ ಅನ್ನೋ ಸ್ಪೆಷಲೈಜೇಶನ್ ಐತೇನು, ಇದ್ರ ಯಾವ ಸೆಮಿಸ್ಟರಿನಿಂದ, ಫೀಲ್ಡ್ ವರ್ಕಿಗೆ ಯಾವ ಯಾವ ಆಸ್ಪತ್ರಿಗೆ ಕಳಿಸ್ತಾರ, ನಿಮ್ಮ ಫೀಲ್ಡ್ ವರ್ಕ್ ನೋಡ್ಕೊಳ್ಳೋ ಸೂಪರ್‌ವೈಸರ್ ಖರೆವಂದ್ರೂ ಅಲ್ಲಿಗೆ ಬಂದು ನೋಡ್ತಾರೇನು, ಬ್ಲಾಕ್ ಪ್ಲೇಸ್‌ಮೆಂಟ್ (ಕ್ಲಾಸ್ ಬಿಟ್ಟು ಒಂದ ಕಡೆ ಸತತ ಕೆಲ್ಸ ಮಾಡಿ ಕಲಿಯೋದು) ಎಷ್ಟು ದಿನ. ಈ ಭಾಗದಾಗ ಆಸ್ಪತ್ರಿಗೆ ಕೊರತಿ ಇಲ್ಲ, ಬೆಳಗಾವ್ಯಾಗ ಬಿಮ್ಸ್ ಮತ್ತ ಕೆಎಲ್‌ಇ, ವಿಜಯಪುರದಾಗ ಬಿಎಲ್‌ಡಿಇ, ಬಾಗಲಕೋಟ್ಯಾಗ ನಿಜಲಿಂಗಪ್ಪ ಮೆಡಿಕಲ್ ಕಾಲೇಜ್, ಮ್ಯಾಲ ಜಿಲ್ಲಾ ಆಸ್ಪತ್ರಿ ತಾಲೂಕಾ ಆಸ್ಪತ್ರಿ. ಕಟ್ಟಡ ಎಂಥಾದ್ದರ ಇರ್ಲಿ, ಪ್ಲೇಸ್‌ಮೆಂಟ್, ಅಂದ್ರ ಫೀಲ್ಡ್ ವರ್ಕಿಗೆ ಕಳಿಸೋ ಜಾಗಾ, ಚೊಲೊ ಇರೋ ಕಡೆ ಸೇರ್ರಿ, ಇದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ್ನೇ ಸೆಮಿಸ್ಟರ್, ಇಂಗ್ಲಿಷಿನ ಅಂಜಿಕಿ

ಕೇಸ್ ವರ್ಕ್ (ಒಬ್ಬೊಬ್ಬರ ಜೋಡಿ ಮಾಡೋ ಕೆಲ್ಸ), ಗ್ರೂಪ್ ವರ್ಕ್ (ಗುಂಪಿನ ಜೋಡಿ), ಕಮ್ಯುನಿಟಿ ಆರ್ಗನೈಜೇಶನ್ (ಊರು ಓಣಿ ಮಂದಿ ಜೋಡಿ), ವೆಲ್ಫೇರ್ ಅಡ್ಮಿನಿಸ್ಟ್ರೇಶನ್, ಸೋಷಿಯಲ್ ಆ್ಯಕ್ಷನ್, ರಿಸರ್ಚ್, ಈ 6 ಪದ್ಧತಿ ಸುತ್ತ ಇಡೀ ಕೋರ್ಸ್ ತಿರುಗ್ತೈತಿ. ಪುಸ್ತಕ ಹೆಚ್ಚಾಗಿ ಇಂಗ್ಲಿಷಿನ್ಯಾಗ ಇರ್ತಾವ, ಕನ್ನಡ ಮೀಡಿಯಂದವ್ರು ಇಲ್ಲೇ ಎದಿ ಒಡ್ಕೋತಾರ. ನಾನು ಮಾಡಿದ್ದು ಹೇಳ್ತೀನಿ: 200 ಪೇಜಿನ ಒಂದು ನೋಟ್‌ಬುಕ್ ತಗೊಂಡು ಒಂದು ಪೇಜಿಗೆ ಒಂದೇ ಶಬ್ದ ಬರ್ದು, ಕೆಳಗ ಡಿಕ್ಷನರಿ ಅರ್ಥ ಬರೀಲಾರ್ದ, ನಮ್ಮ ಓಣ್ಯಾಗ ನಡ್ದಿದ್ದೊಂದು ಬರೀತಿದ್ನಿ. ಎಂಪತಿ ಅನ್ನೋ ಪೇಜಿನ್ಯಾಗ ನಾನು ಬರ್ದಿದ್ದು: ಮಗ್ಗಲ ಮನಿ ಕಾಕು ಗಂಡ ತೀರ್ಕೊಂಡಾಗ ಎಲ್ರೂ "ಅಯ್ಯ ಪಾಪ" ಅಂದು ಹೋದ್ರು, ನಮ್ಮ ಅವ್ವ ಮಾತಾಡ್ಲಿಲ್ಲ, ಹೋಗಿ ಎಮ್ಮಿ ಹಿಂಡಿ ಬಂದ್ಲು, ಯಾಕಂದ್ರ ಸಂಜಿಗೆ ಎಮ್ಮಿ ಒದರೋದು ಕಾಕುನ ಕಿವಿಗೆ ಹೆಂಗ ಕೇಳ್ತೈತಿ ಅಂತ ಆಕಿಗೆ ಗೊತ್ತಿತ್ತು. ಅಯ್ಯ ಪಾಪ ಅನ್ನೋದು ಸಿಂಪತಿ, ಎಮ್ಮಿ ಹಿಂಡಿದ್ದು ಎಂಪತಿ. ಹಿಂಗ ಬರ್ಕೊಂಡ್ರ ಎಕ್ಸಾಮಿನ್ಯಾಗ ಇಂಗ್ಲಿಷ್ ಮುರಕಲ ಆದ್ರೂ ವಿಷಯ ತಪ್ಪೂದಿಲ್ಲ.

ಫೀಲ್ಡ್ ವರ್ಕ್

ಸಾಮಾನ್ಯವಾಗಿ ವಾರದಾಗ 2 ದಿನ ಕಳಿಸ್ತಾರ. ಕಾಲೇಜಿನ ಪತ್ರ, ಐಡಿ ಕಾರ್ಡ್, ಸಣ್ಣ ಡೈರಿ, ನೀರಿನ ಬಾಟ್ಲಿ, ಸಪ್ಪಳ ಮಾಡಲಾರ್ದ ಚಪ್ಪಲ್. ಹುಡುಗ್ಯಾರಿಗೆ ಶಕ್ತಿ ಯೋಜನೆ ಇರೋದ್ರಿಂದ ಬಸ್ಸಿನ ಖರ್ಚು ಉಳೀತೈತಿ, ಆಧಾರ್ ಕಾರ್ಡ್ ಮರೀಬ್ಯಾಡ್ರಿ. ಮೊದ್ಲ ವಾರ ಯಾರಿಗೂ ಬುದ್ಧಿ ಹೇಳಾಕ ಹೋಗ್ಬ್ಯಾಡ್ರಿ. ಓಪಿಡಿ ಚೀಟಿ ಎಲ್ಲಿ ಮಾಡಿಸ್ತಾರ, ಔಷಧದ ಕೌಂಟರ್ ಎಷ್ಟೊತ್ತಿಗೆ ಮುಚ್ಚತೈತಿ, ಸರ್ಕಾರಿ ಆರೋಗ್ಯ ಯೋಜನೆ ಕಾಗದಕ್ಕ ನೆರವಾಗೋ ಆರೋಗ್ಯ ಮಿತ್ರ ಯಾವ ಕಿಡಕಿಗೆ ಕೂಡ್ತಾರ, ಪೇಶಂಟ್ ಜೋಡಿ ಬಂದವ್ರು ರಾತ್ರಿ ಎಲ್ಲಿ ಮಲಗ್ತಾರ, ಎಲ್ಲಿ ಉಣ್ತಾರ, ಇದನ್ನ ಬರೀ ತಿರುಗಾಡಿ ನೋಡ್ರಿ. ವಾರ್ಡಿನ ಆಯಾ, ವಾರ್ಡ್ ಬಾಯ್, ಸಿಸ್ಟರ್ ಇವ್ರಿಗೆ ನಮಸ್ಕಾರ ಹೇಳಿ ಪರಿಚಯ ಮಾಡ್ಕೊಳ್ರಿ, ಯಾವ ಕಾಟಿನ ಪೇಶಂಟ್ ರಾತ್ರಿ ಅತ್ತಾರ ಅನ್ನೋದು ಅವ್ರಿಗೆ ಗೊತ್ತಿರ್ತೈತಿ.

ಇನ್ನ ನಾನು ತಪ್ಪು ಮಾಡಿದ್ದು ಹೇಳ್ತೀನಿ. ಎರಡ್ನೇ ಸೆಮಿಸ್ಟರಿನ್ಯಾಗ ಒಂದು ಆಸ್ಪತ್ರ್ಯಾಗ ನನ್ನ ಪ್ಲೇಸ್‌ಮೆಂಟ್ ಇತ್ತು. ಸಿಂದಗಿ ಕಡೆ ಹಳ್ಳ್ಯಾಗಿನ ಒಬ್ಬಾಕಿ ಆಯಿ, ಗಂಡಗ ಸಕ್ರಿ ಬ್ಯಾನಿ, ಕಾಲಿನ 2 ಬೆರಳು ತೆಗದಿದ್ರು. ನಾನು ಕಾಟಿನ ಕಾಲಗಡೆ ನಿಂತ್ಕೊಂಡು, ಪ್ಯಾಡ್ ಎದಿಗೆ ಅವಚ್ಕೊಂಡು, ಬರಿಗಾಲಲೆ ಅಡ್ಯಾಡ್ಬಾರ್ದು, ದಿನಾ ಬಿಟ್ಟು ದಿನಾ ಡ್ರೆಸ್ಸಿಂಗ್ ಮಾಡಿಸ್ಬೇಕು, ಅನ್ನ ಕಡಿಮಿ ಮಾಡ್ಬೇಕು ಅಂತ ಒಂದ ಉಸಿರಿಗೆ ಹೇಳಿದ್ನಿ. ಆಯಿ ಎಲ್ಲಾದಕ್ಕೂ "ಹೂಂ ಯವ್ವಾ, ಹೂಂ ಯವ್ವಾ" ಅಂದ್ಲು. ಡೈರ್ಯಾಗ "ಕೌನ್ಸೆಲಿಂಗ್ ಮಾಡಲಾಯಿತು" ಅಂತ ಬರ್ದು ಖುಷಿಲೆ ಮನಿಗೆ ಹೋದ್ನಿ. ಡಿಸ್ಚಾರ್ಜ್ ಆಗಿ 10 ದಿನಕ್ಕ ತಿರಗಿ ಬಂದ್ರು, ಗಾಯ ಕೀವು ತುಂಬಿತ್ತು, ವಾಸನಿ ಬಾಗಲ ತನಕ ಬರ್ತಿತ್ತು.

ಆವತ್ತು ಸಿಸ್ಟರ್ ಒಬ್ರು ಒಂದು ಕಬ್ಬಿಣದ ಸ್ಟೂಲ್ ನನ್ನ ಕಡೆ ಸರಸಿ "ಕೂತು ಮಾತಾಡಂಗಿಲ್ಲೇನ" ಅಂದ್ರು. ಕೂತ್ನಿ. ಆಯಿಯ ಮಾರಿಗೆ ನನ್ನ ಮಾರಿ ಸಮಾ ಆತು. ಆಗ ಆಕಿ ಹೇಳಿದ್ದು: ಡ್ರೆಸ್ಸಿಂಗ್ ಮಾಡೋ ಆಸ್ಪತ್ರಿ ಊರಿಂದ 6 ಕಿಲೋಮೀಟರ್, ಬಸ್ ಮುಂಜಾನೆ 9ಕ್ಕ ಒಂದು, ತಿರಗಿ ಬರೋದು ಸಂಜಿ 4ಕ್ಕ, ಆಕಿ ಹ್ವಾದ ದಿನ ಆಕಿ ಕೂಲಿ ಹೋತು, ಮುದುಕಪ್ಪಗ ಬಸ್ ಮೆಟ್ಲ ಏರಾಕ ಬರೂದಿಲ್ಲ, ಹೊತ್ಕೊಂಡು ಏರಸಾಕ ಮಗಾ ಗೋವಾದಾಗ ಅದಾನ. ಸೆರಗಿನ ತುದಿ ಗಂಟು ಬಿಚ್ಚಿ ತೋರ್ಸಿದ್ಲು, ಅದ್ರಾಗ ಮಡಿಚಿದ 2 ಇಪ್ಪತ್ತರ ನೋಟು. ನಾನು ಹೇಳಿದ ಒಂದ್ ಮಾತೂ ಸುಳ್ಳಿರಲಿಲ್ಲ, ಆದ್ರ ಆಕಿ ಮಾಡಾಕ ಆಗೋದು ಒಂದೂ ಇರಲಿಲ್ಲ. ಆಶಾ ಕಾರ್ಯಕರ್ತೆ ನಂಬರ್ ಹುಡುಕಿ, ಊರಾಗ ಡ್ರೆಸ್ಸಿಂಗ್ ಬರೋರು ಯಾರ್ ಅದಾರ ಕೇಳಿ, ಸಿಸ್ಟರ್ ಹತ್ರ ಆಯಿಗೇ ಗಾಯ ತೊಳ್ಯೋದು ಕಲಿಸಾಕ ಹಚ್ಚಿ, ಇದನ್ನ ಮೊದ್ಲನೇ ಸಲನ ಮಾಡ್ಬೇಕಿತ್ತು. ಮುದುಕಪ್ಪಂದು ಇನ್ನೊಂದು ಬೆರಳು ಹೋತು. ಅದು ನಂಗ ಈಗೂ ನೆಪ್ಪೈತಿ.

ಅದಕ್ಕ ಹೇಳೋದು, ವಾರ್ಡಿಗೆ ಹ್ವಾದ ಕೂಡ್ಲೆ ಸ್ಟೂಲ್ ಹುಡುಕ್ರಿ. ಕೂತ್ಕೊಂಡು ಮೊದ್ಲ ಊರು ಕೇಳ್ರಿ, ಊಟ ಆತೇನ ಕೇಳ್ರಿ, ಬಸ್ ಕೇಳ್ರಿ, ಮನ್ಯಾಗ ಯಾರ್ಯಾರ ಅದಾರ ಕೇಳ್ರಿ. ಬುದ್ಧಿಮಾತು ಎಲ್ಲಾಕಿಂತ ಕಡೀಕ, ಅದೂ 1 ಇಲ್ಲ 2, ಆ ಮನಿಗೆ ಆಗುವಂಥಾದ್ದು.

ಬರ್ಯೋದು ಹೆಂಗ

ರಿಪೋರ್ಟ್ ಅದ ರಾತ್ರಿ ಬರೀರಿ. ರವಿವಾರ ಕೂತು 4 ವಾರದ್ದು ಒಮ್ಮೆಲೆ ಬರದ್ರ ಎಲ್ಲಾ ಪೇಶಂಟ್ ಒಂದ ತರ ಕಾಣ್ತಾರ. "ಕ್ಲೈಂಟಿಗೆ ಧೈರ್ಯ ತುಂಬಲಾಯಿತು" ಅಂತ ಬರದ್ರ ಯಾರಿಗೂ ಏನೂ ತಿಳೀಲಿಲ್ಲ. ಅವ್ರು ಅಂದ ಮಾತು ಅವ್ರ ಮಾತಿನ್ಯಾಗ ಬರೀರಿ: "ಮಗಾ ಬಂದ್ರ ನೋಡೋಣ ಅಂದ್ಲು, ಮಗನ ಹೆಸ್ರು ತಗೊಂಡಾಗ ಗೋಡಿ ಕಡೆ ಮಾರಿ ತಿರಗಿಸಿದ್ಲು." ಇಷ್ಟು ಬರದ್ರ ಸೂಪರ್‌ವೈಸರಿಗೆ ಮುಂದಿನ ಪ್ರಶ್ನೆ ಸಿಗ್ತೈತಿ, ನಿಮಗೂ ಮುಂದಿನ ವಾರ ಎಲ್ಲಿಂದ ಸುರು ಮಾಡ್ಬೇಕು ಅಂತ ಗೊತ್ತಾಗ್ತೈತಿ. ನೀವು ಏನ್ ತಪ್ಪು ಮಾತಾಡಿದ್ರಿ ಅದನ್ನೂ ಬರೀರಿ. ಪೇಶಂಟ್ ಹೆಸ್ರು ಬರೀಬ್ಯಾಡ್ರಿ, ಅಕ್ಷರ ಇಲ್ಲ ನಂಬರ್ ಹಾಕ್ರಿ. ಮತ್ತ ಫೋಟೋ. ಕಾಟಿನ ಮ್ಯಾಲ ಮಲಗಿದವ್ರ ಜೋಡಿ ಸೆಲ್ಫಿ ತಗದು ರಿಪೋರ್ಟಿಗೆ ಅಂಟಸೋದು, ಸ್ಟೇಟಸ್ಸಿಗೆ ಹಾಕೋದು ನೋಡ್ದಾಗ ನಂಗ ಭಾಳ ಸಂಕಟ ಆಗ್ತೈತಿ. ನಿಮ್ಮ ಅವ್ವ ಅಲ್ಲಿ ಮಲಗಿದ್ರ ಯಾರರ ಹಂಗ ಮಾಡಿದ್ರ ಸುಮ್ಮನಿರ್ತಿದ್ರೇನು.

ಎಚ್‌ಐವಿ ವಿಷಯದಾಗ ಇದು ಬರೀ ಸಂಸ್ಕಾರದ ಮಾತಲ್ಲ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅವ್ರ ಒಪ್ಪಿಗಿ ಇಲ್ಲದ ಇನ್ನೊಬ್ರಿಗೆ ಹೇಳಂಗಿಲ್ಲ. ಆದ್ರ ಒಂದ್ ಕಡೆ ಗುಟ್ಟು ಇಡಾಕ ಬರೂದಿಲ್ಲ: ಸಣ್ಣ ಹುಡುಗ ಹುಡುಗಿ ಮ್ಯಾಲ ಲೈಂಗಿಕ ದೌರ್ಜನ್ಯ ಆಗೈತಿ ಅಂತ ಗೊತ್ತಾದ್ರ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಅಂಥಾದ್ದು ಬಂದ್ರ ಒಬ್ರ ತಲಿ ಕೆಡಿಸ್ಕೋಬ್ಯಾಡ್ರಿ, ಅವತ್ತ ಸೂಪರ್‌ವೈಸರಿಗೆ ಹೇಳ್ರಿ, ಮಕ್ಕಳ ಸಹಾಯವಾಣಿ 1098 ನೆಪ್ಪಿಟ್ಟುಕೊಳ್ರಿ.

ಕಾಗದದ ದಾರಿ

ನಮ್ಮ ಮಂದಿ ಆಸ್ಪತ್ರಿಗೆ ಬರೋವಾಗ ಕಾಗದ ಎಲ್ಲಾ ಒಂದು ಕ್ಯಾರಿಬ್ಯಾಗಿನ್ಯಾಗ ಹಾಕಿ 3 ಗಂಟು ಹಾಕಿರ್ತಾರ. ಆ ಗಂಟು ಬಿಚ್ಚಿ ಓದೋದು ಕಲೀರಿ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ, ಎಪಿಎಲ್ ಆದ್ರ ಪ್ಯಾಕೇಜ್ ದರದ 30 ಪರ್ಸೆಂಟ್, ಹೆಚ್ಚಂದ್ರ 1.5 ಲಕ್ಷ. ಎಮರ್ಜೆನ್ಸಿ ಬಿಟ್ರ ಪ್ರೈವೇಟ್ ಆಸ್ಪತ್ರಿಗೆ ಹೋಗಾಕ ಸರ್ಕಾರಿ ಆಸ್ಪತ್ರಿ ರೆಫರಲ್ ಬೇಕು, ಇದು ಗೊತ್ತಿಲ್ಲದ ಸೀದಾ ಹೋಗಿ ಹೊಲ ಅಡ ಇಟ್ಟವ್ರನ್ನ ನಾನು ನೋಡೀನಿ. ಟಿಬಿ ಪೇಶಂಟಿಗೆ ಊಟದ ಸಲುವಾಗಿ ನಿಕ್ಷಯ್ ಪೋಷಣ್ ಯೋಜನ್ಯಾಗ ತಿಂಗಳಿಗೆ 1000 ರೂಪಾಯಿ ಬರ್ತೈತಿ, 500 ಇದ್ದದ್ದು 2024ರ ನವೆಂಬರಿನಿಂದ ಏರೈತಿ, ಬ್ಯಾಂಕ್ ಖಾತೆ ಜೋಡಸಿಲ್ಲ ಅಂದ್ರ ಬರೂದಿಲ್ಲ. ಅಂಗವಿಕಲರಿಗೆ ಯುಡಿಐಡಿ ಅನ್ನೋ ಗುರ್ತಿನ ಕಾರ್ಡ್ ಐತಿ. ರೇಷನ್ ಕಾರ್ಡಿನ್ಯಾಗ ಬಸವ್ವ, ಆಧಾರಿನ್ಯಾಗ ಬಸಮ್ಮ ಅಂತಿದ್ರ ಒಂದು ಆಪರೇಶನ್ ನಿಂತುಬಿಡ್ತೈತಿ. ಯೋಜನೆ ಹೆಸ್ರು ಬಾಯಿಪಾಠ ಮಾಡೋದ್ರಿಂದ ಉಪಯೋಗ ಇಲ್ಲ, ಒಬ್ರದ್ದು ಒಂದೇ ಅರ್ಜಿ ಹಿಡ್ಕೊಂಡು ಸುರುವಿಂದ ರೊಕ್ಕ ಬರೋ ತನಕ ನೀವ ಬೆನ್ನು ಹತ್ತಿ ತಿರುಗ್ರಿ, ಯಾವ ಟೇಬಲಿಗೆ ಎಲ್ಲಿ ಸಿಕ್ಕೋತೈತಿ ಅಂತ ಗೊತ್ತಾಗಿಬಿಡ್ತೈತಿ.

ನಮ್ಮ ಮಂದಿ ಮಾತು

ನಮ್ಮವ್ರು ಡಿಪ್ರೆಶನ್ ಅನ್ನೂದಿಲ್ಲ. "ಎದಿ ಡವಡವ ಅಂತೈತಿ", "ತಲ್ಯಾಗ ಹುಳ ಹರದಂಗ ಆಗ್ತೈತಿ", "ಗಾಳಿ ಬಡದೈತಿ", "ಜೀವ ಬ್ಯಾಸರ ಆಗೈತಿ" ಅಂತಾರ. ಈ ಜೀವ ಬ್ಯಾಸರ ಅನ್ನೋದು ಬಿಸಲಾಗ ದಣದಾಗೂ ಅಂತಾರ, ಸಾಯೋ ವಿಚಾರ ಬಂದಾಗೂ ಅಂತಾರ. ಅದಕ್ಕ ಬಿಡಿಸಿ ಕೇಳ್ರಿ: "ಬ್ಯಾಸರ ಅಂದ್ರ ಹೆಂಗ ರೀ, ಬದುಕೋದ ಬ್ಯಾಡ ಅನ್ಸೈತೇನ್ರಿ?" ಹಿಂಗ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಗ್ತೈತಿ ಅಂತ ಭಾಳ ಮಂದಿ ಅಂಜ್ತಾರ, ಹಂಗ ಆಗೂದಿಲ್ಲ, ಎಷ್ಟೋ ಸಲ ಕೇಳಿದ್ದಕ್ಕ ಅವ್ರಿಗೆ ಹಗುರ ಆಗ್ತೈತಿ. ಹೂಂ ಅಂದ್ರ ಒಬ್ರನ್ನ ಬಿಟ್ಟು ಬರಬ್ಯಾಡ್ರಿ, ಡಾಕ್ಟರಿಗೆ ಆಗಿಂದಾಗ ಹೇಳ್ರಿ, ಮನಿಗೆ ಹ್ವಾದ ಮ್ಯಾಲ ಬೇಕಂದ್ರ ಟೆಲಿಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ 14416, ಕನ್ನಡದಾಗ ಮಾತಾಡ್ತಾರ, ಪುಕ್ಕಟ. ಹೊಲಕ್ಕ ಹೊಡಿಯೋ ಎಣ್ಣಿ ಕುಡ್ದು ಬಂದವ್ರ ಮನ್ಯಾಗ ಪೊಲೀಸ್ ಕೇಸಿನ ಅಂಜಿಕಿಗೆ ಸುಳ್ಳು ಹೇಳ್ತಾರ, 2017ರ ಮಾನಸಿಕ ಆರೋಗ್ಯ ಕಾಯ್ದೆ ಅವ್ರನ್ನ ತೀವ್ರ ಒತ್ತಡದಾಗ ಇದ್ದವ್ರು ಅಂತ ನೋಡ್ತೈತಿ, ಶಿಕ್ಷೆ ಕೊಡೋ ಬದ್ಲಿ ಆರೈಕೆ ಕೊಡ್ಬೇಕು ಅಂತೈತಿ, ಇದನ್ನ ಮೆಲ್ಲಗ ತಿಳಿಸಿ ಹೇಳ್ರಿ.

ಬೆಳಗಾವಿ ಖಾನಾಪುರ ನಿಪ್ಪಾಣಿ ಕಡೆ ಪ್ಲೇಸ್‌ಮೆಂಟ್ ಬಂದ್ರ ಮರಾಠಿ ಒಂದಿಷ್ಟು ಕಲೀರಿ, "ದುಖ್ತಂಯ್ ಕುಠೇ" (ಎಲ್ಲಿ ನೋಯ್ತೈತಿ) ಅಂತ ಕೇಳಿದ್ರ ಆಯಿ ಮಾರಿ ಅರಳ್ತೈತಿ. ಉರ್ದು ಮಾತಾಡೋ ಅಮ್ಮಾಗೋಳ ಜೋಡಿ ಹಿಂದಿಯಾದ್ರೂ ಮಾತಾಡ್ರಿ. ಇನ್ನೊಂದು, ಬೆಳಗಾವಿ, ವಿಜಯಪುರ, ಬಾಗಲಕೋಟಿ ಈ ನಮ್ಮ 3 ಜಿಲ್ಲಾದಾಗ ದೇವದಾಸಿ ಪದ್ಧತಿ ಇತ್ತು, 1982ರಾಗ ಕಾಯ್ದೆ ಬಂದ್ರೂ ಆ ತಾಯಂದ್ರು, ಅವ್ರ ಮಕ್ಕಳು ನಮ್ಮ ನಡುವ ಅದಾರ. ಕಿಡಕಿ ಮುಂದ ಸಾಲಿನ್ಯಾಗ ನಿಂತಾಗ "ತಂದಿ ಹೆಸ್ರು ಏನು" ಅಂತ ಜೋರಲೆ ಕೇಳಿದ್ರ ಆ ಹುಡುಗ ಮತ್ತ ಆಸ್ಪತ್ರಿ ಮೆಟ್ಲ ಏರೂದಿಲ್ಲ. ಬಾಜೂಕ ಕರದು ಕೇಳ್ರಿ, ಇಲ್ಲ ತಾಯಿ ಹೆಸ್ರು ಕೇಳ್ರಿ. ಘಟಪ್ರಭಾದಾಗ ಮಾಜಿ ದೇವದಾಸಿಯರೇ ಕಟ್ಟಿ ನಡಸೋ ಮಾಸ್ ಅನ್ನೋ ಸಂಸ್ಥೆ ಐತಿ, ಓರಿಯೆಂಟೇಶನ್ ವಿಜಿಟಿಗೆ ಎಲ್ಲಿಗೆ ಹೋಗೋಣ ಅಂತ ಸರ್ ಮ್ಯಾಡಮ್ ಕೇಳಿದ್ರ ಅದರ ಹೆಸ್ರು ಹೇಳ್ರಿ, ಅವ್ರ ಬಾಯಿಂದ ಕೇಳೋದು ಬ್ಯಾರೆನ ಐತಿ.

ನಿಮ್ಮ ಜೀವ

ಬರ್ನ್ಸ್ ವಾರ್ಡ್ ನೋಡಿ ಬಂದ ದಿನ ಊಟ ಸೇರೂದಿಲ್ಲ, ಅದು ನಿಮ್ಮ ದೌರ್ಬಲ್ಯ ಅಲ್ಲ. ಅದನ್ನ ಸೂಪರ್‌ವೈಸರ್ ಕೂಡ, ಜೊತಿಗಿನ ಗೆಳತ್ಯಾರ ಕೂಡ ಮಾತಾಡ್ರಿ, ಪೇಶಂಟ್ ಯಾರು ಅನ್ನೋ ಗುರ್ತು ಹೇಳಲಾರ್ದ ಮಾತಾಡ್ರಿ. ಕೈಯಿಂದ ರೊಕ್ಕ ಕೊಡಬ್ಯಾಡ್ರಿ, ಮನಸ್ಸು ಎಷ್ಟ ಕರಗಿದ್ರೂ. ಒಬ್ರಿಗೆ 200 ಕೊಟ್ರ ಮಗ್ಗಲ ಕಾಟಿನವ್ರು ನಿಮ್ಮನ್ನ ಕಾಯ್ತಾರ, ಆಮ್ಯಾಲ ನೀವು ಕೇಳೋ ಪ್ರಶ್ನೆಗೆ ಖರೆ ಉತ್ತರ ಬರೂದಿಲ್ಲ, ರೊಕ್ಕ ತರೋ ಉತ್ತರ ಬರ್ತೈತಿ. ಆಸ್ಪತ್ರ್ಯಾಗ ಬಡವರ ನಿಧಿ ಐತೇನು ಕೇಳ್ರಿ, ಊರಾಗ ಯಾರ್ ಕೊಡ್ತಾರ ಹುಡುಕ್ರಿ.

ಪ್ಲೇಸ್‌ಮೆಂಟ್ ಮುಗಿಯೋದು ಯಾರೂ ಕಲಿಸಲಾರ್ದ ವಿಷಯ, ಪುಸ್ತಕದಾಗ ಟರ್ಮಿನೇಶನ್ ಅಂತ ಅರ್ಧ ಪೇಜ್ ಇರ್ತೈತಿ. ಕಡೀ ದಿನ ಒಮ್ಮೆಲೆ "ನಾಳಿಂದ ಬರೂದಿಲ್ರಿ" ಅನ್ಬ್ಯಾಡ್ರಿ. 2 ವಾರ ಮೊದ್ಲ ಹೇಳ್ರಿ, "ಆಯಿ, ಇನ್ನ 4 ಸಲ ಬರ್ತೀನಿ" ಅಂತ, ಮತ್ತ ಮುಂದಿನ ಸಲ "ಇನ್ನ 3" ಅಂತ. ಕಡೀ ದಿನ ಅವ್ರ ಕಾಗದದ ಕ್ಯಾರಿಬ್ಯಾಗ್ ಬಿಚ್ಚಿ, ಒಂದು ಹಾಳಿ ಮ್ಯಾಲ ದಪ್ಪ ಅಕ್ಷರದಾಗ ಮುಂದಿನ ತಾರೀಖು, ಯಾವ ಕಿಡಕಿ, ಯಾರನ್ನ ಕೇಳ್ಬೇಕು, ಆಶಾ ಅಕ್ಕಾರ ನಂಬರ್ ಬರ್ದು ಎಲ್ಲಾಕಿಂತ ಮ್ಯಾಲ ಇಟ್ಟು, ನಿಮ್ಮ ಜಾಗಾಕ್ಕ ಬರೋ ಹುಡುಗಿನ ಕರ್ಕೊಂಡು ಬಂದು "ಇಕಿ ನನ್ನ ತಂಗಿ, ಸೋಮವಾರದಿಂದ ಇಕಿ ಬರ್ತಾಳ" ಅಂತ ಆ ಸ್ಟೂಲಿನ ಮ್ಯಾಲ ಕೂಡ್ರಿಸಿ ಬರ್ರಿ.